ಕಿರುಚುವ ಕೆಲಸ

ಟಿ.ವಿ. ಧಾರಾವಾಹಿಯ ನಟಿಯರು ಕಿರುಚಬೇಕಾದಾಗ ಅವರಿಗೆ ಕಂಠದಾನ ಮಾಡುವುದು ಅವಳ ಕೆಲಸ. ವಠಾರದ ಒಂಟಿ ಕೋಣೆಯಲ್ಲೇ ಅಭ್ಯಾಸ. ಮೊದಮೊದಲು ಕೋಲು ಹಿಡಿದು ಓಡಿಬರುತ್ತಿದ್ದ ಪಕ್ಕದ ಮನೆಯ ಅಜ್ಜಿ, ಈಗ ಗೋಡೆಯಾಚೆಯಿಂದಲೇ ತೀರ್ಪು ಕೊಡುತ್ತಿದ್ದರು.

ಸೋಮವಾರ, ಸೊಸೆಗೆ ಬೆಂಕಿ ಹಚ್ಚುವ ಕಂತು.

"ಬೆಂಕಿ ಬಿದ್ದೋಳು ಇಷ್ಟು ರಾಗವಾಗಿ ಅಳ್ತಾಳೇನೇ?"

ಬುಧವಾರ, ಪೌರಾಣಿಕದಲ್ಲಿ ರಾಕ್ಷಸಿಯ ಸಂಹಾರ.

"ಪರವಾಗಿಲ್ಲ. ಗಂಟಲು ಇನ್ನೂ ಬಿಡ್ಬೇಕು."

ಶುಕ್ರವಾರ ದೆವ್ವದ ಕಥೆಗೆ ಅಜ್ಜಿ ಗೋಡೆ ಬಡಿದು ನಕ್ಕರು. ಶನಿವಾರ ಪತ್ತೇದಾರಿ ಕಂತಿನಲ್ಲಿ ಹೆಂಗಸೊಬ್ಬಳಿಗೆ ಚಾಕು ಇರಿತ.

"ಭೇಷ್. ಎದೆ ಝಲ್ ಅಂತು ಕಣೇ."

ಭಾನುವಾರದ್ದು ನಗೆ ಕಂತು, ಕಿರುಚುವ ಕೆಲಸವಿರಲಿಲ್ಲ. ಮಧ್ಯಾಹ್ನ ಟಿ.ವಿ. ಕೇಬಲ್ ರಿಪೇರಿಯವನೆಂದು ಹೇಳಿಕೊಂಡು ಬಂದವನು ಒಳಗಿಂದ ಚಿಲಕ ಹಾಕಿ ಚಾಕು ತೆಗೆದ.

"ಸರ ಬಿಚ್ಚು."

ಅವಳು ಬಾಗಿಲಿಗೆ ನುಗ್ಗಿದಳು. ಚಾಕು ಹೊಟ್ಟೆಗೆ ಇಳಿಯಿತು.

"ಅಜ್ಜೀ, ಬನ್ನಿ, ಕೊಲ್ತಿದಾನೆ" ಎಂದು ಗೋಡೆಯ ಕಡೆ ತಿರುಗಿ ಕಿರುಚಿದಳು.

ಆಚೆಯಿಂದ ಗೋಡೆ ಬಡಿದ ಸದ್ದಾಯಿತು. ಮತ್ತೆ ಇರಿಯಲು ಎತ್ತಿದ ಅವನ ಕೈ ಗಾಳಿಯಲ್ಲೇ ನಿಂತಿತು. ಅಜ್ಜಿಯ ದನಿ ಕೇಳಿಸಿತು.

"ಉಹೂಂ, ಇದು ನಿಜ ಅನ್ನಿಸ್ಲಿಲ್ಲ ಕಣೇ. ನಿನ್ನೆದೇ ಚೆನ್ನಾಗಿತ್ತು."