ಮಾಳಿಗೆಯ ಮೇಲಿನ ಸಂಜೆ

ವಕೀಲೆ ಮಂದಾಕಿನಿ ಕಕ್ಷಿದಾರಳ ನೆನಪಿನ ಮಣಿಯನ್ನು ತನ್ನ ಕಿವಿಯ ಹಿಂದೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಕಕ್ಷಿದಾರರ ಸಂಸಾರದ ಒಂದು ಗಳಿಗೆಯನ್ನಾದರೂ ಇಂಥ ಮಣಿಯ ಮೂಲಕ ತಾನೇ ಬಾಳಿ ನೋಡದೆ ಆಕೆ ಯಾರ ವಿಚ್ಛೇದನದ ಅರ್ಜಿಯನ್ನೂ ಬರೆಯುತ್ತಿರಲಿಲ್ಲ. ಹಿಂದೆ ಅವಳ ಸ್ವಂತ ವಿಚ್ಛೇದನದಲ್ಲಿ ವಕೀಲರು ಮುಖ ಕೂಡ ನೋಡದೆ ಸಹಿ ಹಾಕಿಸಿಕೊಂಡಿದ್ದರು.

ಜಗಳವೇ ಬರುತ್ತದೆಂದು ಹಲ್ಲು ಕಚ್ಚಿ ಕೂತಿದ್ದಳು. ಬಂದದ್ದು ಧಾರವಾಡದ ಒಂದು ಮಾಳಿಗೆ. ಗಂಡ ಮೊಣಕಾಲೂರಿ ಹೆಂಡತಿಯ ಬೆಂಡೋಲೆಯ ತಿರುಪು ಹುಡುಕುತ್ತಿದ್ದ. ಸಿಕ್ಕಿದ ಮೇಲೆ ತಾನೇ ತಿರುವಿ, ನೋವಾಯಿತೇನೋ ಎಂದು ಕಿವಿಗೆ ಮೆಲ್ಲಗೆ ಊದಿದ. ತನ್ನ ಹನ್ನೊಂದು ವರ್ಷಗಳ ಸಂಸಾರದಲ್ಲಿ ಇಂಥದೊಂದು ಸಂಜೆಯೂ ಇರಲಿಲ್ಲವಲ್ಲ ಎಂದು ಮಂದಾಕಿನಿಯ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

"ನೋಡಿದ್ರಲ್ರೀ ಮೇಡಂ?" ಅವಳು ಕಣ್ಣು ತೆರೆದಾಗ ಎದುರು ಕೂತಿದ್ದ ಕಕ್ಷಿದಾರಳಾದ ನೀಲಾಂಬಿಕೆ ಕೇಳಿದಳು. "ತೀರ್ಪು ಬಂದ ಮ್ಯಾಲ ಎಲ್ಲಾ ಅಳಿಸಿಬಿಡ್ರಿ. ಅವನ ಒಂದ ನೆನಪೂ ನನಗ ಬ್ಯಾಡ."

"ನಿಮಗ ಹೆಂಗೂ ಬ್ಯಾಡಂತೀರಿ. ಈ ಮಣಿ ನನ್ನ ಕಡೆ ಇರ್ಲಿ ಬಿಡ್ರಿ," ಎಂದಳು ಮಂದಾಕಿನಿ. ಅವಳ ಬೆರಳು ಇನ್ನೂ ಕಿವಿಯ ಹಾಲೆಯನ್ನು ಸವರುತ್ತಿತ್ತು.

ನೀಲಾಂಬಿಕೆ ಆ ಬೆರಳನ್ನೇ ದಿಟ್ಟಿಸಿದಳು. ಎದ್ದು ಬಂದು ವಕೀಲೆಯ ಕಿವಿಯ ಹಿಂದಿನಿಂದ ಮಣಿಯನ್ನು ಕಿತ್ತುಕೊಂಡಳು.

"ಅಂವ ಊದಿದ್ದು ನನ್ನ ಕಿವಿಗೆ," ಎಂದಳು. "ಕೊಡೂದಿಲ್ಲ."