ಕಂಕುಳಲ್ಲಿಟ್ಟ ನಳಿಗೆ

"ಒಂದೂ ಅಲ್ಲಾಡ್ತಿಲ್ಲ. ಎಲ್ಲಾ ಸತ್ತಿವೆ," ಎನ್ನುತ್ತ ಪಶುವೈದ್ಯ ಹ್ಯೂಲೆಟ್ ತನ್ನ ಟ್ರಕ್ಕಿನಲ್ಲಿಟ್ಟ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ. ಕಬ್ಬಿಣದ ಕಂಬಿಗಳ ನಡುವೆ ನಿಂತಿದ್ದ ಕೆಂಪು ಹೋರಿಯ ಬೆನ್ನು ಸವರುತ್ತಿದ್ದ ಲಿಯೋನಾಳ ಕೈ ಅಲ್ಲೇ ನಿಂತಿತು. ಕರುವಾಗಿದ್ದಾಗ ಅಪ್ಪ ಬೀಜ ಒಡೆಸಲು ಹೊರಟರೆ, ಬೇಡವೇ ಬೇಡ, ಇದು ಹೋರಿಯಾಗಲಿ ಎಂದು ಜಗಳಕ್ಕೆ ನಿಂತವಳು ಅವಳು. ಇವತ್ತಿನ ವೀರ್ಯ ಪರೀಕ್ಷೆಯಲ್ಲಿ ಫೇಲಾದರೆ ಅದು ಕಸಾಯಿಖಾನೆಗೆ.

"ನಾನು ಹೇಳ್ಲಿಲ್ವಾ? ದಂಡಪಿಂಡ!" ಅಪ್ಪ ಆರ್ವಲ್ ಶುರು ಮಾಡಿದ.

"ಬಾಯಿ ಮುಚ್ಚೋ ಮಾರಾಯ," ಹ್ಯೂಲೆಟ್ ರೇಗಿದ. "ವೀರ್ಯದ ನಳಿಗೆ ಹಿಡ್ಕೊಂಡು ಈ ಮೊಂಟಾನಾ ಗಾಳೀಲಿ ನಿಂತು ಹೋರೀನ ಬೈತಾ ಇದ್ಯಲ್ಲ, ಚಳಿಗೇ ಸತ್ತಿರ್ತಾವೆ. ಇನ್ನೊಂದ್ಸಲ ತೆಗೀತೀನಿ. ಬೆಚ್ಚಗಿಟ್ಕೊಂಡು ತಾ."

ಹೊಸ ನಳಿಗೆ ಕೈಗೆ ಬಂದದ್ದೇ ಆರ್ವಲ್ ಕೋಟಿನ ಗುಂಡಿ ಬಿಚ್ಚಿ, ಅಂಗಿಯೊಳಗೆ ಕೈ ತೂರಿಸಿ, ಅದನ್ನು ಕಂಕುಳಲ್ಲಿ ಅವುಚಿಕೊಂಡ. ತೋಳನ್ನು ಮೈಗೆ ಅಂಟಿಸಿಕೊಂಡು, ಕೆಸರಲ್ಲಿ ಜಾರದಂತೆ ಹೆಜ್ಜೆಯಿಡುತ್ತ ವೈದ್ಯನ ಟ್ರಕ್ಕಿನತ್ತ ನಡೆದ. ದಾರಿಯುದ್ದಕ್ಕೂ ಯಾರನ್ನೂ ಬೈಯಲಿಲ್ಲ. ಹಾಗೆ ನಡೆದ ಅಪ್ಪನನ್ನು ಲಿಯೋನಾ ಈವರೆಗೆ ನೋಡಿರಲಿಲ್ಲ.

ಹ್ಯೂಲೆಟ್ ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು ಇಣುಕಿದ. ನಗುತ್ತ ಪಕ್ಕಕ್ಕೆ ಸರಿದ. "ಪಾಸು. ನೀನೇ ನೋಡು."

ಆರ್ವಲ್ ಟೋಪಿ ಹಿಂದಕ್ಕೆ ತಳ್ಳಿ ಬಗ್ಗಿದ. "ಅಬ್ಬಬ್ಬಾ, ಇರುವೆ ಗೂಡಿಗೆ ಕಡ್ಡಿ ಹಾಕ್ದಂಗಿದೆ!"

"ಅಪ್ಪಾ, ಸರಿ ಆಕಡೆ, ನಂಗೂ ತೋರ್ಸು," ಎಂದಳು ಹಿಂದೆಯೇ ಬಂದಿದ್ದ ಲಿಯೋನಾ.

"ಇರೇ ಸ್ವಲ್ಪ," ಎಂದ ಆರ್ವಲ್, ಕಣ್ಣು ತೆಗೆಯದೆ. "ನಮ್ಮ ಹುಡುಗಂದು ನಾನಿನ್ನೂ ನೋಡ್ತಾ ಇದೀನಿ."