ಲೋಂಡಾದಿಂದ ಬಂದ ಪತ್ರ

ಟಿಳಕವಾಡಿಯ ಅಂಚೆ ಕಚೇರಿಯಲ್ಲಿ ಈಗಲೂ ಗೋಂದಿನ ವಾಸನೆ ಮೂಗಿಗೆ ಬಡಿದರೆ ನನಗೆ ವಡಗಾವಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಲೋಂಡಾದಲ್ಲಿದ್ದ ಅವಳ ಅಕ್ಕ ಯಾರಿಂದಲೋ ಬರೆಸಿ ಕಳಿಸುತ್ತಿದ್ದ ಪತ್ರಗಳನ್ನು ನಾನೇ ಓದಿ ಹೇಳುತ್ತಿದ್ದೆ. ಖಾನಾಪುರದ ತವರಿನಲ್ಲಿ ಒಟ್ಟಿಗೆ ಬೆಳೆದವರಲ್ಲಿ ಉಳಿದಿದ್ದವರು ಅವರಿಬ್ಬರೇ. ಆ ದಿನ ಬಂದದ್ದು ಅಕ್ಕನ ಮಗನ ಪತ್ರ. ತಾಯಿ ತೀರಿಕೊಂಡಳೆಂದು ಬರೆದಿದ್ದ. ಅಷ್ಟನ್ನೂ ಓದಿ ಹೇಳಿದೆ. ಓಣಿಯ ಮಗ್ಗಗಳು ಮಾತ್ರ ಎಂದಿನಂತೆ ಸದ್ದು ಮಾಡುತ್ತಿದ್ದವು.

ಅಜ್ಜಿ ಅಳಲಿಲ್ಲ. ಒರಟು ನೀಲಿ ಕಾಗದವನ್ನು ಬೆರಳಿನಿಂದ ಸವರುತ್ತ, "ಮೊದಲ್ನೇ ಸಾಲು ಮತ್ತ ಓದು," ಎಂದಳು.

"ತೀರ್ಥರೂಪ ಮಾವಶಿಯವರಿಗೆ..."

"ಅಂವಗ ನಾ ಚಿಕ್ಕವ್ವ. ಅಕ್ಕ ಆಗಿದ್ರ ಚಿಮಣಿ ಅಂತ ಬರಸ್ತಿದ್ಲು. ಚಿಮಣಿ ಅಂದ್ರ ಗುಬ್ಬಿ, ನಾ ಸಣ್ಣಾಕಿ ಇದ್ದಾಗಿನ ಹೆಸರದು. ಹಂಗ ಕರಿಯಾವ್ರು ಇನ್ನ ಯಾರೂ ಇಲ್ಲ."

ನನಗೇನು ತಿಳಿಯಿತೋ, ಮೆಲ್ಲಗೆ "ಚಿಮಣೀ" ಎಂದು ಕರೆದೆ.

ಒಲೆಯ ಮುಂದಿದ್ದ ಅವ್ವ ಗದರಿದಳು. "ದೊಡ್ಡವ್ರಿಗೆ ಹಂಗ ಕರೀತಾರೇನ?"

"ಬೈಬ್ಯಾಡ ಬಿಡವಾ," ಎಂದು ಅಜ್ಜಿ ಕಣ್ಣು ಮುಚ್ಚಿದಳು. "ಇನ್ನೊಮ್ಮಿ ಕರೀಲಿ."